ಜಾಸ್ಮಿನಳ ಎಡತೋಳು

ಅತ್ತೆ ದಾವಲಬಿಯ ಬೆರಳಿಗೆ ಸಿಕ್ಕಿಬೀಳುವ ಮೊದಲು ಆ ಗಂಟು ಜಾಸ್ಮಿನಳೊಬ್ಬಳದೇ ಆಗಿತ್ತು. ಎಡತೋಳಿನ ಮೇಲ್ಭಾಗ, ಸೂಜಿ ಚುಚ್ಚುವ ಜಾಗ. ಮೊದಲು ಸಾಸಿವೆಯಷ್ಟಿತ್ತು, ಆಮೇಲೆ ಹುಣಸೆಬೀಜದಷ್ಟಾಯಿತು. ನೋವಿಲ್ಲ, ಉರಿಯಿಲ್ಲ, ಕೀವಿಲ್ಲ. ಒತ್ತಿದರೆ ಚರ್ಮದ ಕೆಳಗೆ ಕಲ್ಲು. ಮೇಲೆ ತುಸು ನೀಲಿ. ಬಚ್ಚಲಲ್ಲಿ ಸಾಬೂನು ಹಚ್ಚುವಾಗ ಅವಳ ಬಲಗೈ ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಇವತ್ತಾದರೂ ಕರಗಿದೆಯೇನೋ ಎಂದು ತಡವಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು ಹಿಂದಕ್ಕೆ ಬರುತ್ತಿತ್ತು. ಹೊಲಿಗೆ ಬಲ್ಲವಳಿಗೆ ಮುಚ್ಚುವುದೇನು ಕಷ್ಟ? ತನ್ನ ರವಿಕೆಗಳ ತೋಳನ್ನೆಲ್ಲ ಮೊಣಕೈವರೆಗೆ ಇಳಿಸಿಕೊಂಡಳು. ಬಿಳೂರಿನ ಆ ಓಣಿಯ ಹೆಂಗಸರು ಅದನ್ನು ಹೊಸ ಫ್ಯಾಷನ್ ಎಂದು ತಿಳಿದು, ತಮಗೂ ಹಾಗೆಯೇ ಹೊಲಿಸಿಕೊಂಡರು.

ಜಾಸ್ಮಿನ ರಾಜ್ಯದ ಗಡಿಯಾಚೆಯ ಚಡಚಣದ ಕಡೆಯವಳು. ಬಿಳೂರಿಗೆ ಬಂದದ್ದು ಗಾದಿ ಮಾಡುವ ನದಾಫರ ಮನೆಗೆ. ಗಂಡ ಫರದೀನ ಟೆಂಪೋದ ಮೇಲೆ ಅರಳೆ ಹಿಂಜುವ ಮಷೀನು ಕೂರಿಸಿಕೊಂಡು ಕುಣಿಕೋಣೂರ, ಅಸಂಗಿ ಎಂದು ಊರೂರು ಸುತ್ತುತ್ತಾನೆ. ಹಳೆಯ ಗಾದಿ ಬಿಚ್ಚಿ, ಹಿಂಜಿ, ಮತ್ತೆ ತುಂಬಿಕೊಡುತ್ತಾನೆ. ಸಂಜೆ ಮನೆಗೆ ಬರುವಾಗ ಹುಬ್ಬು, ರೆಪ್ಪೆ, ಮೀಸೆಯ ಮೇಲೆಲ್ಲ ಅರಳೆ ಕೂತು ಮುದುಕನ ಹಾಗೆ ಕಾಣುತ್ತಾನೆ. ನಾಲ್ಕು ವರ್ಷದ ಮಗ ಅಕೀಲ ಅವನ ಹೆಗಲೇರಿ ಒಂದೊಂದೇ ಎಳೆ ಕಿತ್ತು ಊದುತ್ತಾನೆ. ಗಾದಿ, ದಿಂಬುಗಳಿಗೆ ಹೊರಚೀಲವಾಗುವ ಖೋಳು ಹೊಲಿಯುವುದು ಜಾಸ್ಮಿನಳ ಕೆಲಸ. ತುಂಬಿದ ಗಾದಿಗೆ ದಬ್ಬಣದಿಂದ ಟಾಕು ಹಾಕುವುದು ಅತ್ತೆ ದಾವಲಬಿಯ ಕೆಲಸ.

ದಾವಲಬಿಯ ಕಣ್ಣು ಮಂಜಾಗಿ ಕಾಲವಾಯಿತು, ಬೆರಳಿಗೆ ಮಾತ್ರ ಇನ್ನೂ ಹರೆಯ. ಖೋಳಿನ ಮೇಲೆ ಅಂಗೈ ಆಡಿಸಿ, ಇಲ್ಲಿ ಹತ್ತಿಕಾಳು ಉಳಿದಿದೆ, ಇಲ್ಲಿ ಅರಳೆ ಗಂಟಾಗಿದೆ ಎಂದು ಹೇಳಿಬಿಡುತ್ತಾಳೆ. ಮಾವ ಅಮೀನಸಾಬ ಬದುಕಿದ್ದಾಗ, "ಇಕಿ ಕೈಗೆ ಕಣ್ಣ ಅದಾವ" ಎಂದು ಹೇಳಿಕೊಂಡು ತಿರುಗುತ್ತಿದ್ದನಂತೆ. ಅಂಥ ಕೈಯಿರುವ ಮನೆಯಲ್ಲಿ ಗುಟ್ಟು ಇಟ್ಟುಕೊಳ್ಳುವುದು ಹುಡುಗಾಟವಲ್ಲ.

ಜಾಸ್ಮಿನಳ ಗುಟ್ಟು ಇಷ್ಟೇ. ಅವಳು ಎರಡು ವರ್ಷದಿಂದ, ಮೂರು ತಿಂಗಳಿಗೊಮ್ಮೆ, ಮಕ್ಕಳಾಗದ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಳು.

ಯಾಕೆ ಎಂದರೆ ಅಕೀಲ ಹುಟ್ಟಿದ ದಿನಕ್ಕೆ ಹೋಗಬೇಕು. ಕೊರೊನಾದ ವರ್ಷ, ಬಿಸಿಲು ನೆತ್ತಿ ಸುಡುವ ಮಧ್ಯಾಹ್ನ. ಗಾಡಿ ಸಿಗುವಷ್ಟರಲ್ಲಿ ಕೂಸು ಮನೆಯಲ್ಲೇ ಹುಟ್ಟಿತು. ಕೂಸು ಚಲೋ ಅತ್ತಿತು, ತಾಯಿಯ ರಕ್ತ ನಿಲ್ಲಲಿಲ್ಲ. ದಾವಲಬಿ ಹಿಂಜಿದ ಅರಳೆ ತಂದು ತಂದು ಇಟ್ಟಳು. ಒಂದು ದಿಂಬಿಗೆ ಸಾಲುವಷ್ಟು ಅರಳೆ ಕೆಂಪಾಯಿತು. ಯಾರದೋ ಜೀಪಿನಲ್ಲಿ ಮಿರಜಿನ ದಾರಿ ಹಿಡಿದಾಗ ಜಾಸ್ಮಿನಳಿಗೆ ಅತ್ತೆಯ ಮುಖ ದೂರ ದೂರ ಹೋಗಿ ಒಂದು ಬಟ್ಟಲಿನಷ್ಟಾದದ್ದು ನೆನಪಿದೆ. ಆಮೇಲೆ ಕಿವಿಗೆ ಏನೂ ಕೇಳಲಿಲ್ಲ. ಆ ಕೇಳದಿರುವಿಕೆಯೇ ಅವಳಿಗೆ ಹೆಚ್ಚು ನೆನಪು. ಆಸ್ಪತ್ರೆಯಲ್ಲಿ ಬೇರೆಯವರ ರಕ್ತ ಏರಿಸಿ ಉಳಿಸಿದರು.

ಫರದೀನ ಆಗ ಲಾಕ್‌ಡೌನಿನಲ್ಲಿ ಸೋಲಾಪುರದ ಆಚೆ ಸಿಕ್ಕಿಕೊಂಡಿದ್ದ. ಅವನು ಬರುವಷ್ಟರಲ್ಲಿ ಹೆಂಡತಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು, ಕೂಸು ಮಗ್ಗುಲಲ್ಲಿತ್ತು. "ಸ್ವಲ್ಪ ಅಶಕ್ತಿ ಆಗಿತ್ತಪಾ" ಎಂದಳು ದಾವಲಬಿ, ಅಷ್ಟೇ. ಹೆರಿಗೆಯ ಮಾತನ್ನು ಗಂಡಸರ ಕಿವಿಗೆ ಹಾಕಬಾರದು, ಹಾಕಿದರೆ ಅವರಿಗೆ ಹೆಂಡತಿಯ ಮೇಲಿನ ಮನಸ್ಸೇ ಹೊರಟುಹೋಗುತ್ತದೆ ಎಂದು ಆ ಮನೆಯ ಹೆಂಗಸರು ಅಜ್ಜಿಯ ಕಾಲದಿಂದ ನಂಬಿದ್ದಾರೆ. ಹೀಗಾಗಿ ಫರದೀನನಿಗೆ ಏನೂ ಗೊತ್ತಾಗಲಿಲ್ಲ. ಒಳ್ಳೆಯವನು, ಪಾಪ. ಅಕೀಲನಿಗೊಬ್ಬ ತಮ್ಮ ಬೇಕು, ತಂಗಿಯಾದರೆ ಇನ್ನೂ ಚಲೋ ಎಂದು ನಗುತ್ತ ಹೇಳುತ್ತಿದ್ದ. ಅವನು ನಕ್ಕಾಗೆಲ್ಲ ಜಾಸ್ಮಿನಳ ಕಿವಿ ಮುಚ್ಚಿದಂತಾಗುತ್ತಿತ್ತು.

ಅವಳ ಹೆದರಿಕೆ ಕೇಳಿಸಿಕೊಂಡವಳು ಉಪಕೇಂದ್ರದ ನರ್ಸಬಾಯಿ ಶಾಂತಾದೇವಿ ಒಬ್ಬಳೇ. ಅಕೀಲನ ತೂಕ ಮಾಡಿಸಲು ಹೋದಾಗ ಜಾಸ್ಮಿನ ಮಾತಾಡಲು ಬಾಯಿ ತೆರೆದು ಅತ್ತುಬಿಟ್ಟಿದ್ದಳು. ಶಾಂತಾದೇವಿ ಅವಳ ರಕ್ತ, ಬಿ.ಪಿ. ಎಲ್ಲ ನೋಡಿ, ಮೂರು ದಾರಿ ಹೇಳಿದಳು. ಗರ್ಭದೊಳಗೆ ಕಾಪರ್-ಟಿ ಕೂರಿಸುವುದಕ್ಕೆ ಜಾಸ್ಮಿನ ಒಪ್ಪಲಿಲ್ಲ. ಗುಳಿಗೆಯೆಂದರೆ ಇಡುವುದೆಲ್ಲಿ? ದಿಂಬು, ಗಾದಿ, ಕೌದಿ ಯಾವುದನ್ನೂ ಬಿಡದೆ ಬಿಚ್ಚಿ ಹೊಲಿಯುವ ಮನೆ ಅದು. ಉಳಿದದ್ದು ಸೂಜಿ. ತೋಳು ಮಡಚಿದರೆ ಮುಗಿಯಿತು, ಮನೆಗೆ ಹೊತ್ತು ತರುವಂಥದ್ದೇನೂ ಇಲ್ಲ.

ಇಲ್ಲ ಎಂದುಕೊಂಡಿದ್ದಳು. ಆದರೆ ಆ ಸೂಜಿಯಿಂದ ತಿಂಗಳ ಮುಟ್ಟು ನಿಂತಿತು. ನಿಲ್ಲುತ್ತದೆ, ಹೆದರಬೇಡ ಎಂದು ಶಾಂತಾದೇವಿ ಮೊದಲೇ ಹೇಳಿದ್ದಳು. ಅತ್ತೆಗೆ ಏನು ಹೇಳಬೇಕೆಂದು ಮಾತ್ರ ಹೇಳಿರಲಿಲ್ಲ. ಜಾಸ್ಮಿನ ಪ್ರತಿ ತಿಂಗಳೂ ಕೆಲವು ದಿನ ನಮಾಜು ಬಿಟ್ಟು, ಹೊಟ್ಟೆ ಹಿಡಿದುಕೊಂಡು, ಬಟ್ಟೆ ಒಗೆದು ಹಿತ್ತಲಲ್ಲಿ ಒಣಗಿಸಿ ನಾಟಕ ಮಾಡಿದಳು. ಒಂದು ತಿಂಗಳು ಮರೆತಳು. ದಾವಲಬಿ ಅವತ್ತು ಓಣಿಗೆಲ್ಲ ಸಕ್ಕರೆ ಹಂಚುವುದೊಂದು ಬಾಕಿ. ಮರುದಿನ ಜಾಸ್ಮಿನ ಹೊಟ್ಟೆನೋವೆಂದು ಮಲಗಿದಾಗ ಮುದುಕಿಯ ಮುಖ ಬಾಡಿದ್ದನ್ನು ಅವಳು ಗೋಡೆಯ ಕಡೆ ಹೊರಳಿ ನೋಡದೆ ತಪ್ಪಿಸಿಕೊಂಡಳು. ಅಲ್ಲಾ, ನಿನಗೂ ಸುಳ್ಳು, ಇವರಿಗೂ ಸುಳ್ಳು ಎಂದು ಒಳಗೊಳಗೇ ಬೆಂದಳು.

ಇಂಥದರಲ್ಲಿ ತೋಳಿನ ಮೇಲೆ ಗಂಟು ಎದ್ದಿತು, ಸರಿಯಾಗಿ ಆ ಸೂಜಿಯ ಜಾಗದಲ್ಲೇ. ದೇವರು ಮೊಹರು ಒತ್ತಿದ್ದಾನೆ ಎಂದೇ ಜಾಸ್ಮಿನ ತಿಳಿದಳು. ಕ್ಯಾನ್ಸರ್ ಎನ್ನುವ ಶಬ್ದ ಬಂದರೆ ಅದನ್ನು ಹೊಲಿಗೆ ಮಷೀನಿನ ಸದ್ದಿನಲ್ಲಿ ತುಳಿದು ಹಾಕುತ್ತಿದ್ದಳು. ಡಾಕ್ಟರಿಗೆ ತೋರಿಸಿದರೆ ಯಾವ ಸೂಜಿ, ಯಾವಾಗ ಎಂದು ಕೇಳುತ್ತಾರೆ. ಡಾಕ್ಟರ ಹತ್ತಿರ ಒಬ್ಬಳೇ ಹೋಗುವುದಂತೂ ಆ ಮನೆಯಲ್ಲಿ ಇಲ್ಲದ ಮಾತು. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಕೊನೆಗೊಂದು ದಿನ ಸಿಕ್ಕಿಬಿದ್ದಳು. ದೊಡ್ಡ ಗಾದಿಯೊಂದನ್ನು ಇಬ್ಬರೂ ಮಗುಚಿ ಹಾಕುವಾಗ ಜಾಸ್ಮಿನ ಜಾರಿದಳು, ದಾವಲಬಿ ಗಪ್ಪನೆ ಅವಳ ತೋಳು ಹಿಡಿದಳು. ಹಿಡಿದ ಕೈ ಅಲ್ಲೇ ನಿಂತಿತು. ಹೆಬ್ಬೆರಳು ರವಿಕೆಯ ಮೇಲೆ ಒಮ್ಮೆ ಆಚೆ, ಒಮ್ಮೆ ಈಚೆ ಆಡಿತು.

"ಇದೇನ ಇದು? ಅರಳ್ಯಾಗ ಕಾಳ ಉಳದಂಗ ಐತಿ."

"ಏನಿಲ್ರಿ ಅತ್ತಿ. ಸೊಳ್ಳಿ ಕಡದಿತ್ತು."

"ಸೊಳ್ಳಿ ಕಡದ್ರ ಕಲ್ಲ ಆಗ್ತೈತೇನ? ತೋಳ ಏರಸು."

ತೋಳು ಏರಿಸಬೇಕಾಯಿತು. ದಾವಲಬಿ ಕಣ್ಣಿನ ಹತ್ತಿರ ತಂದು ನೋಡಿದಳು, ಚಿವುಟಿ ನೋಡಿದಳು, ಆಮೇಲೆ ಗಾದಿಯ ಮೇಲೆ ಕುಸಿದು ಕೂತಳು. ಅವಳ ತಲೆಯಲ್ಲಿ ಲೆಕ್ಕ ಕೂಡಿತು. ಈ ತೋಳಿಗೆ ಸೊಸೆ ಹಾಕಿಸಿಕೊಂಡದ್ದು ತನಗೆ ಗೊತ್ತಿರುವಂತೆ ಒಂದೇ ಸೂಜಿ, ಕೊರೊನಾದ್ದು. ಅದಾದ ಮೇಲೆ ಸೊಸೆ ಬಸುರಾಗಿಲ್ಲ. ಮತ್ತೇನು ಬೇಕು?

"ಅಯ್ಯ ನನ್ನವ್ವ, ಆ ಸೂಜಿ ಔಷಧ ಇಲ್ಲೇ ಕಲ್ಲಾಗಿ ಕುಂತೈತಿ. ಅದ ನಿನ್ನ ಹೊಟ್ಟಿ ಕಟ್ಟೇತಿ!" ಎಂದು ಸೊಸೆಯನ್ನು ಎದೆಗವಚಿಕೊಂಡು ಅತ್ತಳು. "ನಾ ನಿನ್ನ ಎಷ್ಟ ಅಂದ್ನಿ. ತಪ್ಪ ನಿಂದಲ್ಲ."

ಜಾಸ್ಮಿನಳೂ ಅತ್ತಳು. ಯಾಕೆಂದು ಅತ್ತೆಗೆ ತಿಳಿಯಲಿಲ್ಲ.

ದಾವಲಬಿಗೆ ತಿಳಿದದ್ದು ಓಣಿಗೆ ತಿಳಿಯದೆ ಇರುತ್ತದೆಯೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಎದುರು ಮನೆಯ ಚನ್ನವ್ವ ಬಂದು ಗಂಟು ಮುಟ್ಟಿ ನೋಡಿ ಹೋದಳು, ಅವಳ ಹಿಂದೆ ಉಳಿದವರು ಬಂದರು. ಜಾಸ್ಮಿನ ಮಷೀನಿನ ಮುಂದೆ ಕೂತಲ್ಲೇ ತೋಳು ಏರಿಸಿ ಇಳಿಸಿ ಸಾಕಾದಳು. ಸರಕಾರದ ಸೂಜಿ ಹೆಣ್ಣುಮಕ್ಕಳ ಗರ್ಭ ಕಟ್ಟುತ್ತದೆ ಎಂಬ ಹಳೆಯ ಗಾಳಿಮಾತಿಗೆ ಈಗ ಮುಟ್ಟಿ ನೋಡಬಹುದಾದ ಒಂದು ಸಾಕ್ಷಿ ಸಿಕ್ಕಿತ್ತು.

ನಾಚಿಕೆಯ ಮಾತೆಂದರೆ, ಜಾಸ್ಮಿನಳಿಗೆ ಒಳಗೆಲ್ಲೋ ಹಾಲು ಕುಡಿದಷ್ಟು ಸಮಾಧಾನವಾಗಿತ್ತು. ಈಗ ಯಾರೂ ವಿಶೇಷ ಏನವ್ವ ಎಂದು ಕೇಳುವುದಿಲ್ಲ. ನಾಟಕ ಮರೆತರೂ ಯಾರೂ ಲೆಕ್ಕ ಹಿಡಿಯುವುದಿಲ್ಲ. ಅತ್ತೆ ದರ್ಗಾಕ್ಕೆ ಹೋಗಿ ತಾಯತ ತಂದು ಅದೇ ತೋಳಿಗೆ, ಅದೇ ಗಂಟಿನ ಮೇಲೆ ಕಟ್ಟಿದಳು. ಮಗುವಾಗಲೆಂದು ಕಟ್ಟಿದ ತಾಯತ, ಮಗುವಾಗದಿರಲೆಂದು ಚುಚ್ಚಿಸಿಕೊಂಡ ಜಾಗದ ಮೇಲೆ ಕೂತಿತು. ಕರಿದಾರ ಬಿಗಿಯಾಗಿ, ಗಂಟು ತಿಕ್ಕಿ, ಮೊದಲ ಸಲ ಅಲ್ಲಿ ನೋವಾಯಿತು. ಬಿಚ್ಚಬೇಡ ಎಂದಿದ್ದಳು ಅತ್ತೆ, ಬಿಚ್ಚಲಿಲ್ಲ.

ಆ ಸಮಾಧಾನದ ಬೆಲೆ ತೆತ್ತವಳು ಶಾಂತಾದೇವಿ. ಫರದೀನನ ತಂಗಿ ನಾಹಿದ ಬಾಣಂತನ ಮುಗಿಸಿಯೂ ತವರಲ್ಲೇ ಇದ್ದಳು, ಅವಳ ಕೂಸಿಗೆ ದಡಾರದ ಸೂಜಿಯ ಹೊತ್ತಾಗಿತ್ತು. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಶಾಂತಾದೇವಿ ಬಾಗಿಲಿಗೆ ಬಂದಾಗ ದಾವಲಬಿ ಹೊಸ್ತಿಲಿಗೆ ಅಡ್ಡ ನಿಂತಳು.

"ನಮ್ಮ ಕೂಸಿಗೆ ಬ್ಯಾಡ್ರಿ ಬಾಯಾರ. ಒಂದ ಮಾಡಿದ್ದ ಸಾಕಾಗೇತಿ."

"ಏನಾತ್ರಿ ದಾವಲಬಿ? ದಡಾರ ಎದ್ರ ಕೂಸಿಗೆ ಭಾಳ ತ್ರಾಸ ಆಗ್ತೈತ್ರಿ."

"ಏನಾತ? ಜಾಸ್ಮಿನ, ಬಾ ಇಲ್ಲೆ!"

ಜಾಸ್ಮಿನ ಬಂದಳು. ದಾವಲಬಿ ಅವಳ ತೋಳನ್ನು ತಾನೇ ಏರಿಸಿ, ತಾಯತ ಸರಿಸಿ, ನರ್ಸಬಾಯಿಯ ಮುಖಕ್ಕೆ ಹಿಡಿದಳು. "ನೋಡ್ರಿ ನಿಮ್ಮ ಸೂಜಿ ಮಾಡಿದ್ದು. ನನ್ನ ಸೊಸಿ ಹೊಟ್ಟಿ ಬಂದ ಮಾಡಿದ್ರಿ. ಇನ್ನ ನನ್ನ ಮಗಳ ಕೂಸಿಗೂ ಕೈ ಹಚ್ಚತೀರೇನು?" ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು.

ಶಾಂತಾದೇವಿ ಗಂಟು ನೋಡಿದಳು. ಆಮೇಲೆ ಜಾಸ್ಮಿನಳನ್ನು ನೋಡಿದಳು. ಒಂದೇ ಒಂದು ಮಾತು ಆಡಿದರೆ ಅವಳು ಗೆಲ್ಲುತ್ತಿದ್ದಳು. ಆಡಲಿಲ್ಲ. ಬೆರಳಿನಿಂದ ಗಂಟನ್ನು ಮೆತ್ತಗೆ ಆಚೀಚೆ ಸರಿಸಿ, "ಇದನ್ನ ಮಿರಜಿಗೆ ಒಯ್ದ ತೋರಸ್ರಿ. ತಡಾ ಮಾಡಬ್ಯಾಡ್ರಿ" ಎಂದಷ್ಟೇ ಹೇಳಿ ಡಬ್ಬಿ ಎತ್ತಿಕೊಂಡು ಹೊರಟಳು. ಚನ್ನವ್ವನ ಬಾಗಿಲು, ಅದರಾಚೆಯದು, ಒಂದೊಂದೇ ಮುಚ್ಚಿಕೊಂಡವು. ಡಬ್ಬಿಯನ್ನು ಹಾಗೇ ಹೊತ್ತುಕೊಂಡು ಅವಳು ಓಣಿ ದಾಟಿದ್ದನ್ನು ಜಾಸ್ಮಿನ ತೋಳು ಇಳಿಸದೆ ನಿಂತು ನೋಡಿದಳು. ಓಡಿ ಹೋಗಿ ಕಾಲು ಹಿಡಿಯಬೇಕೆನಿಸಿತು. ತೋಳು ಇಳಿಸಿಕೊಂಡು ಮಷೀನಿಗೆ ಮರಳಿದಳು.

ತನ್ನ ಸೂಜಿಯ ಸರದಿ ಬಂದಾಗ ಜಾಸ್ಮಿನ ಅಕೀಲನ ಕೆಮ್ಮಿನ ನೆಪ ಹೇಳಿ ಉಪಕೇಂದ್ರಕ್ಕೆ ಹೋದಳು. ಶಾಂತಾದೇವಿ ಬಯ್ಯಲಿಲ್ಲ. ಬೈದಿದ್ದರೆ ಚಲೋ ಇತ್ತು.

"ಗಂಟ ಏನಂತ ತಿಳೀಲಾರದ ನಾ ಇನ್ನ ಚುಚ್ಚೂದಿಲ್ಲವಾ. ಮೊದಲ ತೋರಿಸ್ಕೊಂಡ ಬಾ."

"ಸರದಿ ಮುಗೀತೈತ್ರಿ ಬಾಯಾರ. ನಡುವ ಏನರ ಆದ್ರ..."

"ಸ್ವಲ್ಪ ದಿನ ತಡಾ ಆದ್ರ ನಡೀತೈತಿ. ಲಗೂನ ಹೋಗ್ಬಾ." ಬಾಗಿಲು ಮುಂದೆ ಮಾಡಿ ಹೇಳಿದಳು. "ನಿನ್ನ ಮಾತ ನನ್ನ ಬಾಯಿಂದ ಹೊರಗ ಬರೂದಿಲ್ಲ. ಸಾಯೂತನಾ ಬರೂದಿಲ್ಲ. ಆದ್ರ ಜಾಸ್ಮಿನ, ನಿಮ್ಮ ಓಣ್ಯಾಗ ಈ ಸಲ ಒಂದ ಕೂಸಿಗೂ ಸೂಜಿ ಬಿದ್ದಿಲ್ಲ. ಅದನ್ನ ನಾ ಯಾರಿಗೆ ಹೇಳ್ಲಿ?"

ಜಾಸ್ಮಿನ ಅಕೀಲನನ್ನು ಎತ್ತಿಕೊಂಡು ಎದ್ದಳು. ಮನೆಗೆ ಬರುವಾಗ ಓಣಿಯಲ್ಲಿ ಆಡುವ ಮಕ್ಕಳ ಮುಖ ನೋಡಲಾರದೆ ಸೆರಗು ಮುಂದಕ್ಕೆ ಎಳೆದುಕೊಂಡು ನಡೆದಳು. ಅಂದು ಸಂಜೆ ತಾನೇ ಫರದೀನನಿಗೆ ಹೇಳಿದಳು, ಗಂಟು ನೋಯುತ್ತದೆ, ಮಿರಜಿಗೆ ಕರೆದುಕೊಂಡು ಹೋಗು ಎಂದು. ನೋಯುತ್ತದೆ ಎಂದ ಕೂಡಲೇ ಅವನ ಮುಖ ಇಳಿಯಿತು. ಅಷ್ಟು ಮೆತ್ತನೆಯ ಗಂಡನಿಗೆ ನಿಜ ಹೇಳಬಾರದೇ ಎಂದು ಕೇಳುವವರು ಕೇಳಬಹುದು. ಮೆತ್ತನೆಯವರಿಗೆ ಸುಳ್ಳು ಹೇಳಿ ಅಭ್ಯಾಸವಾದ ಮೇಲೆ ನಿಜ ಹೇಳುವುದು ಒರಟರಿಗೆ ಹೇಳುವುದಕ್ಕಿಂತ ಕಷ್ಟ.

ಮಿರಜಿನ ಆಸ್ಪತ್ರೆಯಲ್ಲಿ ಡಾಕ್ಟರು ವಯಸ್ಸಾದ ಹೆಂಗಸು, ಮರಾಠಿಯಲ್ಲಿ ಮಾತಾಡುತ್ತಿದ್ದಳು. ತಾಯತದ ದಾರ ಕತ್ತರಿಸಿ ದಾವಲಬಿಯ ಕೈಗೆ ಕೊಟ್ಟಳು. ಗಂಟಿನ ಮೇಲಿನ ಚರ್ಮ ಹಿಗ್ಗಿಸಿ, ಬೆಳಕು ಬಿಟ್ಟು ನೋಡಿದಳು.

"ಈ ತೋಳಿಗೆ ಯಾವ್ಯಾವ ಇಂಜೆಕ್ಷನ್ ಆಗಿವೆ?"

"ಕೊರೊನಾದ್ದು," ಎಂದಳು ದಾವಲಬಿ, ತಡಮಾಡದೆ.

"ಅದು ಹಳೆಯದಾಯಿತಲ್ಲ. ಈ ಗಂಟು ಎದ್ದು ವರ್ಷವೂ ಆಗಿಲ್ಲ ಎನ್ನುತ್ತೀರಿ. ಆಮೇಲೆ ಬೇರೆ ಯಾವುದಾದರೂ?" ಡಾಕ್ಟರು ಈಗ ಜಾಸ್ಮಿನಳನ್ನೇ ಕೇಳಿದಳು.

ಒಂದು ಕಡೆ ಅತ್ತೆ, ಇನ್ನೊಂದು ಕಡೆ ಗಂಡ. ಫರದೀನ ಅವಳ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. ಮೇಜಿನ ಮೇಲೆ ಹತ್ತುವಾಗ ಅವನೇ ತೆಗೆದುಕೊಂಡಿದ್ದ. ಜಾಸ್ಮಿನ ಚಪ್ಪಲಿಗಳನ್ನು ನೋಡಿದಳು.

"ಇಲ್ರಿ," ಎಂದಳು.

ಮರಗಟ್ಟಿಸಿ, ಕೊಯ್ದು, ಗಂಟು ತೆಗೆದು ಬಟ್ಟಲಲ್ಲಿ ಹಾಕಿದಾಗ ಟಣ್ ಎಂದಿತು. ಸುಣ್ಣದ ಹರಳಿನ ಹಾಗೆ ಬಿಳಿ. ಅದು ಪರೀಕ್ಷೆಗೆ ಹೋಯಿತು. ಹೊಲಿಗೆ ಬಿಚ್ಚಿಸಲು ಮತ್ತೆ ಹೋದ ದಿನ ಡಾಕ್ಟರು ನಗುತ್ತಲೇ, "ಕಾಹೀ ಘಾಬರಾಯಚಂ ನಾಹೀ" ಎಂದಳು, ಹೆದರುವಂಥದ್ದೇನೂ ಇಲ್ಲ. ಕೂದಲಿನ ಬೇರಿನಿಂದ ಏಳುವ ಗಂಟಂತೆ. ಬೇರಿನ ಜೀವಕಣಗಳು ಚರ್ಮದೊಳಗೇ ಬೆಳೆದು, ಸುಣ್ಣ ಹಿಡಿದು ಗಟ್ಟಿಯಾಗುತ್ತವೆ. ಕೆಲವರಿಗೆ ಸೂಜಿ ಚುಚ್ಚಿದ ಕಡೆ, ಪೆಟ್ಟಾದ ಕಡೆ ಏಳುತ್ತದೆ. ಹೆಚ್ಚಿನವರಿಗೆ ಏನೂ ಇಲ್ಲದೆಯೇ ಏಳುತ್ತದೆ. ಕ್ಯಾನ್ಸರ್ ಅಲ್ಲ. ಔಷಧ ಕಲ್ಲಾಗಿ ಕೂತದ್ದೂ ಅಲ್ಲ.

"ಮತ್ತ ಹೊಟ್ಟಿ?" ಎಂದಳು ದಾವಲಬಿ.

"ತೋಳಿನ ಗಂಟಿಗೂ ಹೊಟ್ಟೆಗೂ ಏನು ಸಂಬಂಧ ಅಜ್ಜಿ? ಕೊರೊನಾದ ಸೂಜಿಗೂ ಇಲ್ಲ."

ಕ್ಯಾನ್ಸರ್ ಅಲ್ಲ ಎಂಬ ಮಾತಿಗೆ ಜಾಸ್ಮಿನಳ ಎದೆಯಿಂದ ಒಂದು ಬಂಡೆ ಇಳಿಯಿತು. ಟೆಂಪೋ ಮಿರಜ ದಾಟುವಷ್ಟರಲ್ಲಿ ಅದೇ ಬಂಡೆ ಮತ್ತೆ ಏರಿ ಕೂತಿತು. ದಾವಲಬಿ ನಡುವೆ ಕೂತು ಖುಷಿಯಿಂದ ಮಾತಾಡುತ್ತಲೇ ಇದ್ದಳು. ಹೊಟ್ಟೆಗೆ ಏನೂ ಆಗಿಲ್ಲ, ಡಾಕ್ಟರೇ ಹೇಳಿದರು. ಬರುವ ವರ್ಷದ ಮೊಹರಮ್ಮಿಗೆ ಮನೆಯಲ್ಲಿ ಇನ್ನೊಂದು ಕೂಸು. ಫರದೀನ ಗಾಡಿ ಓಡಿಸುತ್ತ ಓರೆಗಣ್ಣಲ್ಲಿ ಹೆಂಡತಿಯನ್ನು ನೋಡಿ ನಕ್ಕ. ಗಂಟಿದ್ದಷ್ಟು ದಿನ ಅವಳಿಗೆ ಒಂದು ನೆಪವಿತ್ತು. ಡಾಕ್ಟರು ಅದನ್ನೂ ಕೊಯ್ದು ಬಟ್ಟಲಿಗೆ ಹಾಕಿದ್ದಳು. ಸೂಜಿಯ ಸರದಿ ದಾಟಿ ದಿನಗಳಾಗಿದ್ದವು. ಹೊಲಿಗೆ ಹಾಕಿದ ತೋಳಿನ ನೆಪ ಹೇಳಿ ಅವಳು ಮಗನ ಮಗ್ಗುಲಲ್ಲಿ ಮಲಗುತ್ತಿದ್ದಳು. ಹೊಲಿಗೆ ಬಿಚ್ಚಿದ ಮೇಲೆ ಆ ನೆಪವೂ ಇರಲಿಲ್ಲ.

ದಾವಲಬಿಗೆ ಒಂದು ಗುಣವಿದೆ, ಹೇಳಲೇಬೇಕು. ತಪ್ಪು ತನ್ನದೆಂದು ತಿಳಿದರೆ ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಓಡಾಡುವವಳಲ್ಲ. ಮಾರನೆಯ ಬೆಳಿಗ್ಗೆಯೇ ನಾಹಿದಳನ್ನೂ ಅವಳ ಕೂಸನ್ನೂ ಎಬ್ಬಿಸಿ, ಜಾಸ್ಮಿನಳನ್ನೂ ಹೊರಡಿಸಿಕೊಂಡು ಉಪಕೇಂದ್ರಕ್ಕೆ ನಡೆದಳು. ಓಣಿಯಲ್ಲಿ ಕಂಡವರಿಗೆಲ್ಲ, "ನಾ ಹೇಳಿದ್ದ ಖೊಟ್ಟಿ ಆತ್ರೆವ್ವಾ, ಸೂಜಿದೇನೂ ತಪ್ಪಿಲ್ಲ" ಎಂದು ಸಾರುತ್ತ ಹೋದಳು. ಶಾಂತಾದೇವಿಯ ಮುಂದೆ ನಿಂತು ಕೈ ಮುಗಿದಳು.

"ಬಾಯಾರ, ಬಾಯಿಗೆ ಬಂದಂಗ ಅಂದ್ನಿ. ಹೊಟ್ಟ್ಯಾಗ ಹಾಕ್ಕೋರಿ."

"ಇರಲಿ ಬಿಡ್ರಿ. ಕುಂದ್ರಿ." ಶಾಂತಾದೇವಿ ಕೂಸಿಗೆ ಸೂಜಿ ಹಾಕಿದಳು. ಅದು ಕಿರುಚಿಕೊಂಡಿತು. ನಾಹಿದ ಅದನ್ನು ಸಮಾಧಾನ ಮಾಡುತ್ತ ಹೊರಗೆ ಬೇವಿನ ನೆರಳಿಗೆ ಹೋದಳು. ಒಳಗೆ ಮೂವರೇ ಉಳಿದರು.

ದಾವಲಬಿ ಏಳಲಿಲ್ಲ. "ಇನ್ನೊಂದ ಕೆಲಸ ಐತ್ರಿ. ಇಕಿ ಹೊಟ್ಟ್ಯಾಗ ಏನೂ ದೋಷ ಇಲ್ಲಂತ. ಮತ್ತ್ಯಾಕ ಬಸಿರ ನಿಂದರವಲ್ದು? ನೀವ ಏನರ ಔಷಧ ಕೊಡ್ರಿ. ನಿಮ್ಮ ಕೈಲಿಂದನ ಆಗ್ಲಿ."

ಶಾಂತಾದೇವಿ ಸೂಜಿಯನ್ನು ಡಬ್ಬಕ್ಕೆ ಹಾಕಿ, ಕೈ ತೊಳೆದು, ನಿಧಾನವಾಗಿ ಒರೆಸಿಕೊಂಡಳು. "ಅದನ್ನ ನಿಮ್ಮ ಸೊಸಿನ್ನ ಕೇಳ್ರಿ," ಎಂದಳು. ಕೈ ಮುಗಿದು ಬಂದ ಮುದುಕಿಗೆ ಸುಳ್ಳು ಹೇಳಲು ಅವಳಿಂದ ಆಗಲಿಲ್ಲ. ಕೊಟ್ಟ ಮಾತು ಮುರಿಯಲೂ ಆಗಲಿಲ್ಲ.

ಅತ್ತೆ ಸೊಸೆಯ ಕಡೆ ತಿರುಗಿದಳು. ಜಾಸ್ಮಿನಳಿಗೆ ಮತ್ತೆ ಕಿವಿ ಮುಚ್ಚಿದಂತಾಯಿತು. ಇಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ರೂಢಿಯಿಂದ. ಆದರೆ ಇಲ್ಲ ಎಂದರೆ ಈ ಸಲ ಬರುವುದು ಮೊಹರಮ್ಮಿನ ಕೂಸು, ಮತ್ತೆ ಆ ಜೀಪು.

"ನಾ ಮಕ್ಕಳ ಆಗಲಾರದ ಸೂಜಿ ತಗೊಂತೀನ್ರಿ ಅತ್ತಿ. ಎರಡ ವರ್ಷಾತು. ಆ ತೋಳಿಗೇ." ಒಂದೇ ಉಸಿರಿಗೆ ಹೇಳಿದಳು. "ನನಗ ಇನ್ನೊಂದ ಹಡಿಯಾಕ ಆಗೂದಿಲ್ರಿ. ಸಾಯ್ತೀನ್ರಿ. ಆ ಜೀಪಿನ್ಯಾಗ ನಾ ಹೋಗೇ ಬಿಟ್ಟಿದ್ನಿ, ನೀವ ನೋಡೀರಿ. ನೀವೊಬ್ಬರ ನೋಡೀರಿ."

ದಾವಲಬಿ ಸಿಟ್ಟಿನಿಂದ ಸೊಸೆಯ ಮುಖಕ್ಕೆ ಬೆರಳು ತೋರಿಸಿದಳು.

"ಎರಡ ವರ್ಷ ನನ್ನ ಕಣ್ಣಾಗ ಮಣ್ಣ ಹಾಕಿದಿ. ನಾ ದರ್ಗಾಕ್ಕ ಹೋಗಿ ತೆಲಿ ಬಡ್ಕೊಂಡ್ನಿ. ಈ ತಾಯೀನ ಬಾಗಲಾಗ ನಿಂದರಿಸಿ ಬೈದ್ನಿ. ನೀ ಬಾಜೂಕ ನಿಂತ ಕೇಳಿದಿ!"

"ಹೌದ್ರಿ."

"ಒಂದ ಮಾತ ನನಗ ಹೇಳಾಕ ಬರಲಿಲ್ಲ?"

"ನೀವ ಅದನ್ನ ಮರತೀರಿ ಅಂದ್ಕೊಂಡಿದ್ನಿ."

ಆ ಮಾತಿಗೆ ಮುದುಕಿಯ ಸಿಟ್ಟು ನಿಂತಲ್ಲೇ ನಿಂತಿತು. ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ನೋಡಿದಳು. "ಹೆಂಗ ಮರೀಲಿ?" ಎಂದಳು ಕೊನೆಗೆ, ಯಾರಿಗೂ ಅಲ್ಲದಂತೆ. "ನೀ ಮರತಿ ಅಂತ ನಾ ತಿಳಕೊಂಡಿದ್ನಿ. ಹಡದಾಕಿ ಮರೀತಾಳ ಅಂತಾರಲ್ಲ."

ಹೊರಗೆ ಕೂಸು ಅಳು ನಿಲ್ಲಿಸಿತ್ತು. ಶಾಂತಾದೇವಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.

"ಫರದೀನಗ ಗೊತ್ತೈತೇನು?"

"ಇಲ್ರಿ. ಇವತ್ತ ಹೇಳಿಬಿಡೂಣ್ರಿ ಅತ್ತಿ. ನೀವ ಬಾಜೂಕ ಇದ್ರ ನಾ ಹೇಳ್ತೀನ್ರಿ. ಆ ದಿವಸಿಂದು ಎಲ್ಲಾ."

ಹೇಳುವಾಗ ಜಾಸ್ಮಿನಳ ಮುಖದ ಮೇಲೆ ಎಷ್ಟೋ ಕಾಲದ ನಂತರ ಒಂದು ಬೆಳಕು ಬಂದಿತ್ತು. ಎರಡು ವರ್ಷದಲ್ಲಿ ಅವಳು ನಿಜವಾಗಿ ಬೇಡಿದ್ದು ಇದೊಂದೇ. ದಾವಲಬಿ ತಲೆಯಲ್ಲಾಡಿಸಿದಳು.

"ಬ್ಯಾಡ. ಅಂವಗ ಗೊತ್ತ ಆಗಬಾರದು. ಗಂಡಸು. ನೀ ಸಾಯಾಕ ಬಿದ್ದಿದ್ದಿ ಅಂತ ಈಗ ಹೇಳಿದ್ರ, ಅವ್ವ ನನಗ ಯಾಕ ಮುಚ್ಚಿದಿ ಅಂತಾನ. ನಾ ಏನ ಹೇಳ್ಲಿ? ಇಷ್ಟ ದಿನ ಹೆಂಗ ನಡೀತೋ ಹಂಗ ನಡೀಲಿ."

"ಅತ್ತಿ..."

"ನಡೀಲಿ ಅಂದ್ನಿಲ್ಲ." ಎದ್ದು ನಿಂತು ಶಾಂತಾದೇವಿಯನ್ನು ಕೇಳಿದಳು. "ಈ ಸಲ ಯಾವ ತೋಳ್ರಿ ಬಾಯಾರ?"

ಶಾಂತಾದೇವಿ ಬಸಿರಿಲ್ಲವೆಂದು ಪರೀಕ್ಷೆ ಮಾಡಿ ನೋಡಿ, ಸರದಿ ದಾಟಿದರೂ ಇನ್ನೂ ಹೊತ್ತು ಮೀರಿಲ್ಲ ಎಂದಳು. ಬಲತೋಳು ಎಂದಳು. ದಾವಲಬಿ ತಾನೇ ರವಿಕೆಯ ಆ ಉದ್ದ ತೋಳನ್ನು ಮೇಲಕ್ಕೆ ಮಡಚಿ ಹಿಡಿದುಕೊಂಡಳು. ಸೂಜಿ ಒಳಗೆ ಹೋಗುವಾಗ ಕಣ್ಣು ಮುಚ್ಚಿಕೊಂಡವಳು ಅವಳೇ.

ಹಿಂದಿರುಗುವಾಗ ಚನ್ನವ್ವ ಓಣಿಯ ಬಾಯಲ್ಲೇ ಕಾದಿದ್ದಳು. "ಏನಂದ್ರ ಬಾಯಾರು, ದಾವಲಬಿ ಅಕ್ಕಾ? ಏನರ ಕೊಟ್ರೇನು?"

"ಕೊಟ್ಟಾರ್ವಾ, ಚಲೋ ಸೂಜಿನ ಮಾಡ್ಯಾರ," ಎಂದಳು ದಾವಲಬಿ, ನಗುತ್ತ, ತಡಬಡಿಸದೆ. "ಕೂಸಿನ ಸಲವಾಗಿನ ಐತಿ ಅದು. ಇನ್ನ ಅಲ್ಲಾನ ಕೈಯಾಗ."

ಜಾಸ್ಮಿನ ಬೆಚ್ಚಿ ಅತ್ತೆಯ ಮುಖ ನೋಡಿದಳು. ಆ ದನಿ ಅವಳಿಗೆ ಗೊತ್ತಿತ್ತು. ಹಾಗೆ ನುಣ್ಣಗೆ ಮಾತಾಡುವುದು ಕಲಿಯಲು ತನಗೆ ಎಷ್ಟೋ ತಿಂಗಳು ಹಿಡಿದಿತ್ತು. ಓಣಿಯವರಿಂದ ಎಂದೂ ಮಾತು ಮುಚ್ಚಿಡದ ಮುದುಕಿ ಉಪಕೇಂದ್ರದಿಂದ ಓಣಿಗೆ ಬರುವಷ್ಟರಲ್ಲಿ ಅದನ್ನು ಕಲಿತುಬಿಟ್ಟಿದ್ದಳು. ಒಳಗೆ ಬಂದ ಮೇಲೆ ದಾವಲಬಿ ದನಿ ತಗ್ಗಿಸಿ ಹೇಳಿದಳು. "ಸಂಜಿಕ ಅಂವಾ ಏನರ ಕೇಳಿದ್ರ ನೀ ಸುಮ್ಮನಿರು. ನಾ ಹೇಳ್ತೇನಿ."

ಜಾಸ್ಮಿನ ಹೂಂ ಎಂದು ಮಷೀನಿನ ಮುಂದೆ ಕೂತಳು.